ದೊಡ್ಡ ಎಸ್‌ಯುವಿ: ಬೆಲೆ ಮಾತಾಡುವುದು ಹೇಗೆ, ಲೀಸ್ ಕರಾರು ಓದುವುದು ಹೇಗೆ? ಮಲೆನಾಡಿನವರಿಗೆ ಸಮಗ್ರ ಮಾರ್ಗದರ್ಶಿ

ಶೋರೂಮಿನಲ್ಲಿ ಕೂತು ಕಾಫಿ ಬರುವ ಮೊದಲೇ ಒಂದು ಪ್ರಶ್ನೆ ಬರುತ್ತದೆ: "ತಿಂಗಳಿಗೆ ಎಷ್ಟು ಕಟ್ಟಬಹುದು ಸರ್?" ಇದಕ್ಕೆ ಉತ್ತರ ಕೊಡಬೇಡಿ. ಕಂತಿನ ಅಂಕಿ ಒಮ್ಮೆ ನಿಮ್ಮ ಬಾಯಿಂದ ಬಂತು ಅಂದರೆ ಗಾಡಿ ಬೆಲೆ, ಹಳೇ ಗಾಡಿಯ ಬೆಲೆ, ಬಡ್ಡಿ, ವಿಮೆ ಎಲ್ಲವನ್ನೂ ಆ ಅಂಕಿಗೆ ಹೊಂದಿಸಿ ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ. ಎಲ್ಲಿ ಎಷ್ಟು ಬಿಟ್ಟರು, ಎಲ್ಲಿ ಎಷ್ಟು ಸೇರಿಸಿದರು ಅಂತ ಆಮೇಲೆ ಗೊತ್ತಾಗುವುದಿಲ್ಲ. ನಾಲ್ಕನ್ನೂ ಬೇರೆ ಬೇರೆಯಾಗಿ, ಒಂದು ಮುಗಿದ ಮೇಲೆ ಇನ್ನೊಂದು ಅಂತ ಮಾತಾಡಬೇಕು. ಪ್ರತಿಯೊಂದೂ ಕಾಗದದಲ್ಲಿ ಇರಬೇಕು. ಈ ಬರಹದಲ್ಲಿರುವುದೆಲ್ಲ ಇದನ್ನು ಮಾಡುವ ಬಗೆ.

ಮೂವತ್ತು ಲಕ್ಷದ ಗಾಡಿ ಅಂದರೆ ಮಲೆನಾಡಿನ ಒಂದು ಮನೆಗೆ ಹಲವು ವರ್ಷದ ಅಡಿಕೆಯ ದುಡ್ಡು. ಅದಕ್ಕೆ ತಕ್ಕ ತಯಾರಿ ಬೇಡವೇ?

ಹೋಗುವ ಮೊದಲು: ಯಾವ ಗಾಡಿ, ಯಾವ ದಾರಿಗೆ?

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ನಿಮ್ಮ ಮನೆ ದಾರಿಯ ಅತಿ ಕಿರಿದಾದ ಜಾಗ, ತೋಟದ ಗೇಟು, ಕೊಟ್ಟಿಗೆ ಪಕ್ಕದ ತಿರುವು, ಇವನ್ನು ಟೇಪ್ ಹಿಡಿದು ಅಳೆಯಿರಿ. ಈ ವರ್ಗದ ಗಾಡಿಗಳು ಸುಮಾರು 4.6 ಮೀಟರ್‌ನಿಂದ 4.8 ಮೀಟರ್ ಉದ್ದ ಇರುತ್ತವೆ. ಎಲ್ಲ ದೊಡ್ಡ ಎಸ್‌ಯುವಿಯಲ್ಲೂ ನಾಲ್ಕು ಚಕ್ರಕ್ಕೆ ಎಳೆತ ಇರುವುದಿಲ್ಲ. ಟಾಟಾ ಸಫಾರಿಯ ಡೀಸೆಲ್ ಮುಂದಿನ ಚಕ್ರದ ಎಳೆತದ್ದು. ಮಹೀಂದ್ರಾ ಸ್ಕಾರ್ಪಿಯೋ-ಎನ್, ಟೊಯೊಟಾ ಫಾರ್ಚೂನರ್‌ಗಳಲ್ಲಿ ಫೋರ್ ಬೈ ಫೋರ್ ಬೇಕೆಂದರೆ ಸಿಗುತ್ತದೆ, ಅದಕ್ಕೆ ದುಡ್ಡೂ ಬೇರೆ. ಮಳೆಗಾಲದಲ್ಲಿ ಕೆಸರಿನ ಮಣ್ಣು ರಸ್ತೆ ಹತ್ತಿ ಮನೆಗೆ ಹೋಗಬೇಕಾದವರಿಗೆ ಅದು ಬೇಕು. ಶಿವಮೊಗ್ಗ ಪೇಟೆಯಲ್ಲೇ ಇದ್ದು ವರ್ಷಕ್ಕೆರಡು ಸಲ ಊರಿಗೆ ಹೋಗುವವರಿಗೆ ಬೇಡ. ಟೆಸ್ಟ್ ಡ್ರೈವ್‌ಗೆ ಬಿ.ಎಚ್. ರಸ್ತೆಯಲ್ಲಿ ಒಂದು ಸುತ್ತು ಸಾಲದು. ಗಾಡಿಯನ್ನು ಮನೆಗೇ ತರಿಸಿ, ನಿಮ್ಮ ಏರಿನಲ್ಲಿ, ಮನೆಮಂದಿ ಎಲ್ಲ ಕೂತು ಓಡಿಸಿ ನೋಡಿ. ಕೇಳಿದರೆ ಕಳಿಸುತ್ತಾರೆ.

ಯಾವಾಗ ಹೋಗಬೇಕು?

ನಮ್ಮಲ್ಲಿ ಆಷಾಢದಲ್ಲಿ ಗಾಡಿ ತರುವವರು ಕಮ್ಮಿ. ಯುಗಾದಿ, ಅಕ್ಷಯ ತೃತೀಯ, ವರಮಹಾಲಕ್ಷ್ಮಿ, ದಸರಾ, ದೀಪಾವಳಿಗೆ ಶೋರೂಮಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಚೌಕಾಸಿ ಮಾಡುವವರಿಗೆ ಆಷಾಢವೇ ಒಳ್ಳೆಯ ಕಾಲ. ಆ ತಿಂಗಳಲ್ಲಿ ಮಾತುಕತೆ ಮುಗಿಸಿ, ಬೆಲೆ ಬರೆಸಿಕೊಂಡು, ಬುಕ್ ಮಾಡಿ, ಶ್ರಾವಣದಲ್ಲಿ ಗಾಡಿ ಮನೆಗೆ ತನ್ನಿ. ಶಾಸ್ತ್ರಕ್ಕೂ ಧಕ್ಕೆ ಇಲ್ಲ, ದುಡ್ಡಿಗೂ ಇಲ್ಲ.

ತಿಂಗಳ ಕೊನೆಯ ನಾಲ್ಕೈದು ದಿನ, ಮಾರ್ಚ್ ಕೊನೆ, ಡಿಸೆಂಬರ್, ಇವೂ ಒಳ್ಳೆಯವೇ. ಆಗ ಸೇಲ್ಸ್ ಹುಡುಗರಿಗೆ ಟಾರ್ಗೆಟ್ ಮುಟ್ಟಿಸುವ ಒತ್ತಡ. ಡಿಸೆಂಬರಿನಲ್ಲಿ ಒಂದು ಎಚ್ಚರ ಬೇಕು. ಜನವರಿ ಬಂದ ಕೂಡಲೇ ಆ ಗಾಡಿ 'ಹೋದ ವರ್ಷದ್ದು' ಆಗುತ್ತದೆ, ಮುಂದೆ ಮಾರುವಾಗ ಬೆಲೆ ಇಳಿಯುತ್ತದೆ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಇದು ದೊಡ್ಡ ವಿಷಯ ಅಲ್ಲ. ನಾಲ್ಕು ವರ್ಷಕ್ಕೆ ಬದಲಿಸುವವರು ಮಾತ್ರ ಆ ನಷ್ಟಕ್ಕೆ ತಕ್ಕ ರಿಯಾಯಿತಿ ಸಿಕ್ಕರಷ್ಟೇ ಒಪ್ಪಬೇಕು.

ಹೊಸದಾಗಿ ಬಿಟ್ಟ, ತಿಂಗಳುಗಟ್ಟಲೆ ಕಾಯಬೇಕಾದ ಮಾಡೆಲ್‌ಗೆ ನಗದು ರಿಯಾಯಿತಿ ಸಿಗುವುದು ಕಷ್ಟ. ಅಂಥ ಕಡೆ ಬಲವಂತದ ಆಕ್ಸೆಸರೀಸ್, ವಿಮೆ, ಸಾಲದ ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಿ. ಉಳಿತಾಯ ಅಲ್ಲೇ ಇರುವುದು.

ಕೊಟೇಷನ್ ಬಿಡಿಸಿ ನೋಡುವುದು

ಇಲ್ಲಿ ನಿಧಾನವಾಗಿ ಓದಿ. 'ಆನ್‌ರೋಡ್ ಇಷ್ಟು' ಅಂತ ಒಂದೇ ಅಂಕಿ ಹೇಳಿದರೆ ಸುಮ್ನೆ ತಲೆಯಾಡಿಸಬೇಡಿ. ಸಾಲು ಸಾಲಾಗಿ ಬರೆದ ಕೊಟೇಷನ್ ಕೇಳಿ. ಅದರಲ್ಲಿ ಎರಡು ಬಗೆಯ ಸಾಲುಗಳಿರುತ್ತವೆ. ಕೆಲವು ಸರ್ಕಾರದ್ದು, ಅಲ್ಲಿ ಮಾತಾಡಿ ಪ್ರಯೋಜನ ಇಲ್ಲ. ಉಳಿದವು ಡೀಲರ್‌ದು, ಅಲ್ಲಿ ಎಲ್ಲವನ್ನೂ ಮಾತಾಡಬಹುದು.

ಎಕ್ಸ್-ಶೋರೂಮ್ ಬೆಲೆಯಲ್ಲಿ (ರೋಡ್ ಟ್ಯಾಕ್ಸ್, ವಿಮೆ ಸೇರದ ಬೆಲೆ) ಜಿಎಸ್‌ಟಿ ಸೇರಿರುತ್ತದೆ. ದೊಡ್ಡ ಎಸ್‌ಯುವಿಗಳಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 40 ಜಿಎಸ್‌ಟಿ. ಅದಕ್ಕೆ ಮೊದಲು ಜಿಎಸ್‌ಟಿ, ಸೆಸ್ ಎರಡೂ ಸೇರಿ ಶೇ 50 ಇತ್ತು. ಹಾಗಾಗಿ ಅದಕ್ಕಿಂತ ಮುಂಚೆ ಭಾವನೋ ಚಿಕ್ಕಪ್ಪನೋ ಕೊಂಡ ಬೆಲೆಯನ್ನು ಹಿಡಿದು, ಅದಕ್ಕಿಂತ ಕಮ್ಮಿಗೆ ಸಿಕ್ಕಿತು ಅಂತ ಖುಷಿಪಡಬೇಡಿ. ಆ ಇಳಿಕೆ ಡೀಲರ್ ಕೊಟ್ಟದ್ದಲ್ಲ.

ಆಮೇಲೆ ಜೀವಾವಧಿ ತೆರಿಗೆ, ಎಲ್ಲರ ಬಾಯಲ್ಲಿ ರೋಡ್ ಟ್ಯಾಕ್ಸ್. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಗಾಡಿಗಳಿಗೆ 10ರಿಂದ 20 ಲಕ್ಷದವರೆಗೆ ಶೇ 17, 20 ಲಕ್ಷ ದಾಟಿದರೆ ಶೇ 18. ಈ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಎರಡೂ ಕೂಡಿ ಕ್ರಮವಾಗಿ ಶೇ 18.87 ಮತ್ತು ಶೇ 19.98 ಆಗುತ್ತದೆ. 25 ಲಕ್ಷದ ಗಾಡಿಗೆ ಇದೊಂದೇ 4,99,500 ರೂಪಾಯಿ. 20 ಲಕ್ಷದ ಗೆರೆಯ ಆಚೀಚೆ ಇರುವ ಎರಡು ವೇರಿಯಂಟ್ ನಡುವೆ ನೀವು ತೂಗಾಡುತ್ತಿದ್ದರೆ ಲೆಕ್ಕ ಹಾಕಿ ನೋಡಿ. 19.9 ಲಕ್ಷದ್ದಕ್ಕೆ ತೆರಿಗೆ ಸುಮಾರು 3,75,500, 20.1 ಲಕ್ಷದ್ದಕ್ಕೆ ಸುಮಾರು 4,01,600. ಇಪ್ಪತ್ತು ಸಾವಿರದ ಗಾಡಿ ವ್ಯತ್ಯಾಸಕ್ಕೆ ಇಪ್ಪತ್ತಾರು ಸಾವಿರದ ತೆರಿಗೆ ವ್ಯತ್ಯಾಸ!

ಹತ್ತು ಲಕ್ಷಕ್ಕಿಂತ ಜಾಸ್ತಿ ಬೆಲೆಯ ಗಾಡಿಗೆ ಶೇ 1 ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಕಟ್ಟುವ ಆದಾಯ ತೆರಿಗೆ) ಕಟ್ಟಿಸಿಕೊಳ್ಳುತ್ತಾರೆ. ಇದು ನಿಮ್ಮ ಪಾನ್ ಹೆಸರಿನಲ್ಲಿ ಜಮೆ ಆಗುವ ದುಡ್ಡು. ರಿಟರ್ನ್ಸ್ ಹಾಕಿದರೆ ತೆರಿಗೆಯಲ್ಲಿ ಕಳೆಯುತ್ತದೆ, ಕಟ್ಟಬೇಕಾದ ತೆರಿಗೆಯೇ ಇಲ್ಲದಿದ್ದರೆ ವಾಪಸ್ ಬರುತ್ತದೆ. ಬರೀ ತೋಟದ ಆದಾಯ ಇರುವವರು ರಿಟರ್ನ್ಸ್ ಹಾಕದೆ ಈ ದುಡ್ಡನ್ನು ಹಾಗೇ ಬಿಟ್ಟುಬಿಡುತ್ತಾರೆ. 25 ಲಕ್ಷದ ಗಾಡಿಗೆ ಅದು 25 ಸಾವಿರ. ಬಿಡಬೇಡಿ.

ನೋಂದಣಿಯ ಸರ್ಕಾರಿ ಶುಲ್ಕ ತೀರಾ ಸಣ್ಣದು. ಕಾರಿಗೆ 600, ಸಾಲ ಇದ್ದರೆ ಹೈಪೋಥಿಕೇಷನ್ (ಗಾಡಿ ಮೇಲೆ ಬ್ಯಾಂಕಿನ ಹಕ್ಕು) ನಮೂದಿಗೆ 1,500, ಸ್ಮಾರ್ಟ್ ಕಾರ್ಡಿಗೆ 200. 'ರಿಜಿಸ್ಟ್ರೇಷನ್ ಚಾರ್ಜ್' ಅಂತ ಹತ್ತು, ಹದಿನೈದು ಸಾವಿರ ಬರೆದಿದ್ದರೆ "ಇದಕ್ಕೆ ಆರ್‌ಟಿಒ ರಸೀದಿ ಕೊಡ್ತೀರಾ?" ಅಂತ ಕೇಳಿ. ಆ ಸಾಲು ಕರಗುವುದನ್ನು ಅಲ್ಲೇ ನೋಡಬಹುದು. 'ಹ್ಯಾಂಡ್ಲಿಂಗ್', 'ಲಾಜಿಸ್ಟಿಕ್ಸ್', 'ಡಿಪೋ' ಹೆಸರಿನ ಸಾಲುಗಳೂ ಸರ್ಕಾರದ್ದಲ್ಲ. ಹೊಡೆದು ಹಾಕಿಸಿ. ನಂಬರ್ ಪ್ಲೇಟಿಗೆ ಬೇರೆ ದುಡ್ಡು ಕೇಳಿದರೂ ಒಪ್ಪಬೇಡಿ, ಹೊಸ ಗಾಡಿಗೆ ಎಚ್‌ಎಸ್‌ಆರ್‌ಪಿ ಪ್ಲೇಟನ್ನು ಕಂಪನಿಯೇ ಕೊಡಬೇಕು.

ಆಕ್ಸೆಸರೀಸ್ ಪ್ಯಾಕ್, ಟೆಫ್ಲಾನ್ ಕೋಟಿಂಗ್, ಅಂಡರ್‌ಬಾಡಿ ಕೋಟಿಂಗ್, ವಿಸ್ತರಿತ ವಾರಂಟಿ, ಇವು ನಿಮಗೆ ಬೇಕಿದ್ದರೆ ಮಾತ್ರ. ನಮ್ಮ ಮಳೆಗೆ ಅಂಡರ್‌ಬಾಡಿ ಕೋಟಿಂಗ್ ಕೆಲಸಕ್ಕೆ ಬರುತ್ತದೆ, ಅದನ್ನು ಬೇಡ ಅನ್ನುವುದಿಲ್ಲ. ಆದರೆ ಹೊರಗೆ ಏನು ದರ ಇದೆ ಅಂತ ಕೇಳಿಕೊಂಡೇ ಒಪ್ಪಿ. ಮುಂದೆ ಕಬ್ಬಿಣದ ಗಾರ್ಡ್ ಹಾಕಿಸುವ ಆಸೆ ಬೇಡ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದಕ್ಕೆ ತಡೆ ಹಾಕಿದೆ. ಗಾರ್ಡ್ ಇದ್ದರೆ ಏರ್‌ಬ್ಯಾಗ್ ಸರಿಯಾದ ಹೊತ್ತಿಗೆ ತೆರೆಯದೆಯೂ ಇರಬಹುದು.

ಮೂರು ಊರಿನ ಬೆಲೆ

ಶಿವಮೊಗ್ಗದಲ್ಲಿ ಒಂದು ಬ್ರ್ಯಾಂಡಿಗೆ ಒಬ್ಬರೇ ಡೀಲರ್ ಇರುವುದು ಮಾಮೂಲು. ಪಕ್ಕದಲ್ಲೇ ಇನ್ನೊಬ್ಬರಿಲ್ಲ ಅಂತ ಗೊತ್ತಿದ್ದಾಗ ಅವರು ಬೆಲೆ ಇಳಿಸುವುದಿಲ್ಲ. ದಾವಣಗೆರೆ, ಮಂಗಳೂರು, ಬೆಂಗಳೂರು, ಈ ಕಡೆಯಿಂದ ಅದೇ ವೇರಿಯಂಟ್, ಅದೇ ಬಣ್ಣಕ್ಕೆ ಬರಹದ ಕೊಟೇಷನ್ ತರಿಸಿ. ವಾಟ್ಸಾಪಿನಲ್ಲೇ ಕಳಿಸುತ್ತಾರೆ. ರಾಜ್ಯದೊಳಗೆ ಎಲ್ಲಿ ಕೊಂಡರೂ ರೋಡ್ ಟ್ಯಾಕ್ಸ್ ಒಂದೇ. ಬೇರೆ ಊರಲ್ಲಿ ಕೊಂಡು ತಾತ್ಕಾಲಿಕ ನೋಂದಣಿಯಲ್ಲಿ ತಂದು, ನಿಮ್ಮ ವಿಳಾಸದ ಮೇಲೆ ಶಿವಮೊಗ್ಗದ ಕೆಎ-14ಕ್ಕೋ ಸಾಗರದ ಕೆಎ-15ಕ್ಕೋ ನೋಂದಣಿ ಮಾಡಿಸಬಹುದು.

ಆದರೂ ನನ್ನ ಒಲವು ಊರಿನ ಡೀಲರ್ ಕಡೆಗೇ. ಬೆಂಗಳೂರು ಸುಮಾರು 300 ಕಿಲೋಮೀಟರ್ ದೂರ. ವಾರಂಟಿ ಕೆಲಸಕ್ಕೆ, ಸರ್ವಿಸ್‌ಗೆ ವರ್ಷಗಟ್ಟಲೆ ಇಲ್ಲಿಯವರ ಮುಖವನ್ನೇ ನೋಡಬೇಕು. ಹಾಗಾಗಿ ಬೇರೆ ಊರಿನ ಕೊಟೇಷನ್ ಎದುರಿಗಿಟ್ಟು ನೇರವಾಗಿ ಹೇಳಿ: "ನೋಡಿ ಮಾರಾಯ್ರೇ, ಅಲ್ಲಿ ಇಷ್ಟಕ್ಕೆ ಕೊಡ್ತಿದ್ದಾರೆ. ನನಗೆ ಇಲ್ಲೇ ತಗೊಳ್ಳೋ ಆಸೆ. ಇದರ ಹತ್ತಿರ ಬಂದರೆ ಇವತ್ತೇ ಬುಕ್ ಮಾಡ್ತೇನೆ." ಸೇಲ್ಸ್ ಹುಡುಗನಿಗೆ ಬಿಡುವ ಅಧಿಕಾರ ಸ್ವಲ್ಪವೇ. ಮ್ಯಾನೇಜರ್ ಬರಲಿ ಅನ್ನಿ. ದನಿ ಏರಿಸುವ ಅಗತ್ಯ ಇಲ್ಲ. ಉತ್ತರ ಬರುವ ತನಕ ಸುಮ್ಮನೆ ಕೂರುವ ತಾಳ್ಮೆ ಇದ್ದರೆ ಸಾಕು.

ಕಂಪನಿಯ ನಗದು ರಿಯಾಯಿತಿ, ಎಕ್ಸ್‌ಚೇಂಜ್ ಬೋನಸ್, ಕಾರ್ಪೊರೇಟ್ ರಿಯಾಯಿತಿ, ಡೀಲರ್ ತನ್ನ ಲಾಭದಲ್ಲಿ ಬಿಡುವುದು, ಇವು ನಾಲ್ಕೂ ಬೇರೆ ಬೇರೆ. ಸರ್ಕಾರಿ ನೌಕರರಿಗೆ, ಶಿಕ್ಷಕರಿಗೆ, ಕೆಲವೊಮ್ಮೆ ರೈತರಿಗೂ ಕಾರ್ಪೊರೇಟ್ ಹೆಸರಿನ ರಿಯಾಯಿತಿ ಇರುತ್ತದೆ, ಕೇಳದಿದ್ದರೆ ಹೇಳುವುದಿಲ್ಲ. 'ಐವತ್ತು ಸಾವಿರದ ಆಕ್ಸೆಸರೀಸ್ ಫ್ರೀ' ಅಂದರೆ ಐವತ್ತು ಸಾವಿರ ಉಳಿದಂತಲ್ಲ. ಅದರ ಬದಲು ಬಿಲ್ಲಿನಲ್ಲಿ ಅದಕ್ಕಿಂತ ಕಮ್ಮಿ ನಗದು ಬಿಟ್ಟರೂ ಅದೇ ಮೇಲು.

ಹಳೇ ಗಾಡಿ

ಹೊಸದರ ಬೆಲೆ ಬರಹದಲ್ಲಿ ಬಂದ ಮೇಲೆಯೇ ಹಳೇದರ ಮಾತು ತೆಗೆಯಿರಿ. ಅದಕ್ಕೆ ಮೊದಲು ಹೊರಗೆ ಇಬ್ಬರು ಮೂವರಿಗೆ ತೋರಿಸಿ ಬೆಲೆ ತಿಳಿದಿರಲಿ. ಮಲೆನಾಡಿನಲ್ಲಿ ಬೊಲೆರೊ, ಜೀಪು, ಹಳೇ ಸ್ಕಾರ್ಪಿಯೋಗಳಿಗೆ ಊರಲ್ಲೇ ಗಿರಾಕಿ ಇರುತ್ತಾರೆ. ಎಕ್ಸ್‌ಚೇಂಜ್ ಬೋನಸ್ ಸೇರಿಸಿಯೂ ಹೊರಗಿನ ಬೆಲೆಗಿಂತ ಕಮ್ಮಿ ಆದರೆ ಹೊರಗೇ ಮಾರಿ. ಯಾರಿಗೆ ಕೊಟ್ಟರೂ ಆರ್‌ಸಿ ಹೆಸರು ಬದಲಾವಣೆ ಆಗುವ ತನಕ ಬೆನ್ನು ಬಿಡಬೇಡಿ.

ಹಳೇ ಗಾಡಿಯಲ್ಲಿ ಕ್ಲೇಮ್ ಮಾಡದೆ ಉಳಿದ ನೋ ಕ್ಲೇಮ್ ಬೋನಸ್ ಗಾಡಿಯದ್ದಲ್ಲ, ನಿಮ್ಮದು. ಶೇ 50ರವರೆಗೂ ಇರುತ್ತದೆ. ವಿಮಾ ಕಂಪನಿಯಿಂದ ಪತ್ರ ತಂದು ಹೊಸ ಗಾಡಿಯ ಸ್ವಂತ ಹಾನಿ ಪ್ರೀಮಿಯಂನಲ್ಲಿ (ನಿಮ್ಮ ಗಾಡಿಗೇ ಆಗುವ ಹಾನಿಯ ವಿಮೆಗೆ ಕಟ್ಟುವ ದುಡ್ಡು) ಕಳೆಯಿಸಿ. ದೊಡ್ಡ ಎಸ್‌ಯುವಿಗೆ ಇದರಿಂದ ಉಳಿಯುವುದು ಸಣ್ಣ ಮೊತ್ತ ಅಲ್ಲ.

ವಿಮೆ

ಡೀಲರ್ ಹೇಳಿದ ಕಂಪನಿಯಲ್ಲೇ ಮಾಡಿಸಬೇಕು ಅಂತ ಕಾನೂನಿಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಅದರ ದರ ನಿಗದಿ ಆಗಿರುತ್ತದೆ. ಸ್ವಂತ ಹಾನಿಯ ಭಾಗದಲ್ಲಿ ಮಾತ್ರ ದರ ಹೆಚ್ಚು ಕಮ್ಮಿ ಆಗುತ್ತದೆ. ಹೊರಗಿನ ಒಂದು ದರ ಕೈಯಲ್ಲಿದ್ದರೆ ಡೀಲರ್ ತಾನಾಗಿ ಇಳಿಯುತ್ತಾರೆ. ಇಳಿಸಿದಾಗ ಐಡಿವಿ, ಅಂದರೆ ಗಾಡಿ ಪೂರ್ತಿ ಹೋದರೆ ವಿಮೆಯಿಂದ ಸಿಗುವ ಗರಿಷ್ಠ ಮೊತ್ತ, ನೋಡಿ. ಹೊಸ ಗಾಡಿಗೆ ಅದು ಎಕ್ಸ್-ಶೋರೂಮ್ ಬೆಲೆಯ ಶೇ 95ರ ಹತ್ತಿರ ಇರಬೇಕು. ಐಡಿವಿ ಇಳಿಸಿ ಪ್ರೀಮಿಯಂ ಇಳಿಸಿದರೆ ಗಾಡಿ ಪೂರ್ತಿ ಹೋದ ದಿನ ನಷ್ಟ ನಿಮಗೆ. ಝೀರೋ ಡೆಪ್ (ಬಿಡಿಭಾಗಗಳ ಸವಕಳಿ ಕಳೆಯದೆ ಕ್ಲೇಮ್ ಕೊಡುವ ಸೌಲಭ್ಯ) ಜೊತೆಗೆ ಎಂಜಿನ್ ರಕ್ಷಣೆ ನಮ್ಮ ಕಡೆಯವರಿಗೆ ಬೇಕೇ ಬೇಕು. ಹಳ್ಳ ಉಕ್ಕಿದಾಗ ಎಂಜಿನ್ನಿಗೆ ನೀರು ಹೋಗಿ ಕೆಟ್ಟರೆ ಸಾಮಾನ್ಯ ಪಾಲಿಸಿಯಲ್ಲಿ ಕ್ಲೇಮ್ ಸಿಗುವುದು ಕಷ್ಟ.

ಸಾಲ: ಅಡಿಕೆ ದುಡ್ಡಿಗೆ ಹೊಂದುವ ಕಂತು

ಶೋರೂಮಿಗೆ ಹೋಗುವ ಮೊದಲೇ ನಿಮ್ಮ ಬ್ಯಾಂಕಿನಿಂದ ಬಡ್ಡಿ ದರ ಬರೆಸಿಕೊಂಡಿರಿ. 20 ಲಕ್ಷವನ್ನು ಶೇ 9ರಂತೆ ಐದು ವರ್ಷಕ್ಕೆ ತೆಗೆದರೆ ಕಂತು ಸುಮಾರು 41,500, ಒಟ್ಟು ಕಟ್ಟುವುದು 24.9 ಲಕ್ಷ. ಅದನ್ನೇ ಏಳು ವರ್ಷಕ್ಕೆ ಎಳೆದರೆ ಕಂತು 32,200ಕ್ಕೆ ಇಳಿಯುತ್ತದೆ, ಒಟ್ಟು 27 ಲಕ್ಷ ದಾಟುತ್ತದೆ. 'ಕಂತು ಕಮ್ಮಿ ಮಾಡಿಕೊಟ್ಟೆವು' ಅನ್ನುವ ಮಾತಿನ ಹಿಂದೆ ಇರುವುದು ಈ ಎರಡು ಲಕ್ಷ.

'ಫ್ಲ್ಯಾಟ್ ಶೇ 6' ಅಂದರೆ ಕಮ್ಮಿ ಬಡ್ಡಿ ಅಂದುಕೊಳ್ಳಬೇಡಿ. ಕಂತು ಕಟ್ಟುತ್ತಾ ಹೋದರೂ ಅಲ್ಲಿ ಬಡ್ಡಿ ಪೂರ್ತಿ ಸಾಲದ ಮೇಲೇ ಬೀಳುತ್ತದೆ. ಐದು ವರ್ಷದ ಸಾಲಕ್ಕೆ ಅದು ಉಳಿದ ಬಾಕಿಗಷ್ಟೇ ಬಡ್ಡಿ ಹಾಕುವ ಲೆಕ್ಕದಲ್ಲಿ ಶೇ 10.85ರ ಹತ್ತಿರ ಬರುತ್ತದೆ. 2024ರ ಅಕ್ಟೋಬರ್ 1ರಿಂದ ಇಂಥ ಸಾಲಕ್ಕೆ ಮುಖ್ಯ ಮಾಹಿತಿಯ ಪತ್ರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಎಲ್ಲರೂ ಅದನ್ನು ಕೆಎಫ್‌ಎಸ್ ಅನ್ನುತ್ತಾರೆ. ಸಂಸ್ಕರಣ ಶುಲ್ಕ ಎಲ್ಲ ಸೇರಿದ ನಿಜವಾದ ವಾರ್ಷಿಕ ದರ ಅದರಲ್ಲಿ ಇರುತ್ತದೆ. ಎರಡು ಬ್ಯಾಂಕಿನ ಕೆಎಫ್‌ಎಸ್ ಪಕ್ಕ ಪಕ್ಕ ಇಟ್ಟು ನೋಡಿ. ಅವಧಿಗೆ ಮೊದಲೇ ತೀರಿಸಿದರೆ ದಂಡ ಎಷ್ಟು ಅಂತ ಕೇಳಿ.

ತೋಟದ ಆದಾಯದವರು ಇನ್ನೊಂದು ಮಾತು ಕೇಳಲೇಬೇಕು: ಆರು ತಿಂಗಳ ಕಂತು ಮಾಡಿಕೊಡುತ್ತೀರಾ? ಕೃಷಿಕರಿಗೆ ಕೆಲವು ಬ್ಯಾಂಕು, ಫೈನಾನ್ಸ್ ಕಂಪನಿಗಳು ಕೊಡುತ್ತವೆ. ಕೊಯ್ಲು ಮುಗಿದು ರಾಶಿ ಮಂಡಿಗೆ ಹೋದ ಮೇಲೆ ಬರುವ ದುಡ್ಡಿಗೆ ಪ್ರತಿ ತಿಂಗಳು 5ನೇ ತಾರೀಖಿನ ಕಂತು ಹೊಂದುವುದಿಲ್ಲ. ಎಲೆಚುಕ್ಕೆ ರೋಗ ತೋಟಕ್ಕೆ ಹೊಕ್ಕ ವರ್ಷ ಏನಾಗುತ್ತದೆ ಅಂತಲೂ ಯೋಚಿಸಿಯೇ ಕಂತಿನ ಗಾತ್ರ ನಿರ್ಧರಿಸಿ.

ಲೀಸ್: ಯಾರಿಗೆ ಸರಿ, ಯಾರಿಗೆ ಬೇಡ?

ಲೀಸ್ ಅಂದರೆ ಗಾಡಿ ಲೀಸ್ ಕಂಪನಿಯದ್ದು, ಓಡಿಸುವುದು ನೀವು, ತಿಂಗಳ ಬಾಡಿಗೆ ಕಟ್ಟುವುದು. ಎರಡರಿಂದ ಐದು ವರ್ಷದ ಕರಾರು. ಮುಗಿದ ಮೇಲೆ ಗಾಡಿ ವಾಪಸ್, ಇಲ್ಲವೇ ಹೇಳಿದ ಬೆಲೆಗೆ ಕೊಳ್ಳುವ ಅವಕಾಶ.

ಕಂಪನಿ ಕೆಲಸದಲ್ಲಿದ್ದು, ಸಂಬಳದ ಭಾಗವಾಗಿ ಲೀಸ್ ಸಿಗುವವರಿಗೆ ಆದಾಯ ತೆರಿಗೆಯಲ್ಲಿ ಲಾಭ ಆಗಬಹುದು. ಗುತ್ತಿಗೆದಾರರು, ವ್ಯಾಪಾರಿಗಳು ವ್ಯವಹಾರಕ್ಕೆ ಬಳಸುವಷ್ಟರ ಮಟ್ಟಿಗೆ ಬಾಡಿಗೆಯನ್ನು ಖರ್ಚಿಗೆ ತೋರಿಸಬಹುದು. ಬರೀ ಕೃಷಿ ಆದಾಯದವರಿಗೆ ಆ ಲಾಭ ಇಲ್ಲ, ಯಾಕೆಂದರೆ ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ. ಜೊತೆಗೆ ಬಾಡಿಗೆ ಮೇಲೂ ಜಿಎಸ್‌ಟಿ ಬೀಳುತ್ತದೆ. ಹೋಮ್‌ಸ್ಟೇ ನಡೆಸುವವರು ಇನ್ನೊಂದು ಗಮನಿಸಿ. ಬಿಳಿ ಬೋರ್ಡಿನ ಗಾಡಿಯಲ್ಲಿ ದುಡ್ಡು ತಗೊಂಡು ಅತಿಥಿಗಳನ್ನು ಆಗುಂಬೆಗೋ ಸಿಗಂದೂರಿಗೋ ಕರೆದೊಯ್ಯುವ ಹಾಗಿಲ್ಲ. ಲೀಸ್ ಕರಾರೂ ಮುರಿಯುತ್ತದೆ, ವಿಮೆಯೂ ಕೈ ಕೊಡುತ್ತದೆ.

ಲೆಕ್ಕಕ್ಕೆ ಒಂದು ಉದಾಹರಣೆ ಹಿಡಿಯೋಣ. ಆನ್‌ರೋಡ್ 30 ಲಕ್ಷ. ಕೈಯಿಂದ 10, ಸಾಲ 20 ಲಕ್ಷ, ಐದು ವರ್ಷ. ಸಾಲಕ್ಕೆ 24.9 ಲಕ್ಷ, ಮುಂದಿನ ನಾಲ್ಕು ವರ್ಷದ ವಿಮೆ 2.4 ಲಕ್ಷ, ಸರ್ವಿಸ್ 2 ಲಕ್ಷ ಅಂದುಕೊಂಡರೆ ಒಟ್ಟು 39.3 ಲಕ್ಷ. ಐದು ವರ್ಷದ ಮೇಲೆ 13 ಲಕ್ಷಕ್ಕೆ ಮಾರಿದರೆ ನಿಜವಾದ ಖರ್ಚು 26.3 ಲಕ್ಷ. ಅದೇ ಗಾಡಿಗೆ ವಿಮೆ, ಸರ್ವಿಸ್, ಜಿಎಸ್‌ಟಿ ಸೇರಿ ತಿಂಗಳಿಗೆ 55,000 ಲೀಸ್ ಅಂದರೆ ಐದು ವರ್ಷಕ್ಕೆ 33 ಲಕ್ಷ. ಹಾಗಂತ 6.7 ಲಕ್ಷ ಉಳಿಯಿತು ಅನ್ನುವ ಹಾಗಿಲ್ಲ. ಕೈಯಿಂದ ಹಾಕಿದ 10 ಲಕ್ಷ ಶೇ 7ರ ಠೇವಣಿಯಲ್ಲಿ ಇದ್ದಿದ್ದರೆ ಸುಮಾರು 4 ಲಕ್ಷ ಬೆಳೆಯುತ್ತಿತ್ತು. ವ್ಯತ್ಯಾಸ 2.7 ಲಕ್ಷಕ್ಕೆ ಇಳಿಯಿತು. ನಿಮ್ಮ ಅಂಕಿಗಳನ್ನು ಹಾಕಿ ಇದೇ ಲೆಕ್ಕ ಮಾಡಿ, ಆಮೇಲೆ ತೀರ್ಮಾನಿಸಿ.

ಲೀಸ್ ಕರಾರಿನಲ್ಲಿ ಮಾತಾಡಬೇಕಾದದ್ದು

ಮೊದಲು ಕೇಳಬೇಕಾದದ್ದು, ಬಾಡಿಗೆ ಲೆಕ್ಕ ಹಾಕಿರುವುದು ಗಾಡಿಯ ಯಾವ ಬೆಲೆಯ ಮೇಲೆ ಅಂತ. ಡೀಲರ್ ಬಳಿ ನೀವು ಗಳಿಸಿದ ರಿಯಾಯಿತಿ ಅಲ್ಲಿ ಕಾಣಿಸಬೇಕು. ಪೂರ್ತಿ ಎಕ್ಸ್-ಶೋರೂಮ್ ಬೆಲೆ ಹಿಡಿದು ಬಾಡಿಗೆ ಕಟ್ಟಿದರೆ ನಿಮ್ಮ ಚೌಕಾಸಿಯ ಫಲ ಲೀಸ್ ಕಂಪನಿ ಪಾಲು. ಕರಾರಿನ ಕೊನೆಯಲ್ಲಿ ಗಾಡಿಗೆ ಎಷ್ಟು ಬೆಲೆ ಹಿಡಿದಿದ್ದಾರೆ ಅಂತಲೂ ಕೇಳಿ. ಆ ಬೆಲೆ ಜಾಸ್ತಿ ಹಿಡಿದಷ್ಟೂ ತಿಂಗಳ ಬಾಡಿಗೆ ಕಮ್ಮಿ ಆಗುತ್ತದೆ. ಕೊನೆಗೆ ನೀವೇ ಕೊಳ್ಳುವ ಆಲೋಚನೆ ಇದ್ದರೆ ಮಾತ್ರ ಅದು ಎದುರು ಹೊಡೆಯುತ್ತದೆ.

ಕಿಲೋಮೀಟರ್ ಮಿತಿ ನಮ್ಮವರನ್ನು ಹಿಡಿಯುವ ಜಾಗ. ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಹೋಗಿ ಬಂದರೆ 1,200 ಕಿಲೋಮೀಟರ್, ವರ್ಷಕ್ಕೆ 14,400. ಊರೊಳಗೆ ದಿನಕ್ಕೆ 20 ಅಂದರೆ ಇನ್ನು 7,300. ಒಟ್ಟು 21,700. 15,000ದ ಮಿತಿಗೆ ಸಹಿ ಹಾಕಿದರೆ ದಾಟಿದ ಪ್ರತಿ ಕಿಲೋಮೀಟರಿಗೂ ದಂಡ. ಶುರುವಿನಲ್ಲೇ ದೊಡ್ಡ ಮಿತಿ ಕೇಳಿ. ಮಿತಿಯನ್ನು ವರ್ಷದ ಲೆಕ್ಕಕ್ಕಿಂತ ಇಡೀ ಅವಧಿಯ ಲೆಕ್ಕದಲ್ಲಿ ಬರೆಸಿದರೆ ಒಳ್ಳೆಯದು.

'ಸಾಮಾನ್ಯ ಸವೆತ' ಅಂದರೆ ಏನು ಅಂತ ಬರಹದಲ್ಲಿ ಬೇಕು. ತೋಟದ ದಾರಿಯಲ್ಲಿ ಲಂಟಾನ ಉಜ್ಜಿದ ಗೀರು, ಕೆಂಪು ಮಣ್ಣಿನ ಕಲೆ, ಮಳೆಗಾಲದಲ್ಲಿ ಸೀಟಿಗೆ ಹಿಡಿದ ಬೂಷ್ಟು, ತಳಕ್ಕೆ ತಾಗಿದ ಕಲ್ಲು, ಇವು ಬೆಂಗಳೂರಿನಲ್ಲಿ ಕರಾರು ಬರೆದವರ ಕಣ್ಣಿಗೆ ಹಾನಿಯಾಗಿಯೇ ಕಾಣುತ್ತವೆ. ಎಷ್ಟು ಉದ್ದದ ಗೀರಿನವರೆಗೆ ದಂಡ ಇಲ್ಲ, ಕಚ್ಚಾ ರಸ್ತೆಯಲ್ಲಿ ಓಡಿಸಬಹುದೇ, ಮನೆವರೆಗಿನ ಮಣ್ಣು ರಸ್ತೆಯನ್ನು ಆಫ್‌ರೋಡ್ ಅಂತ ಎಣಿಸುತ್ತಾರೆಯೇ, ಒಂದೊಂದನ್ನೂ ಕೇಳಿ ಇಮೇಲಿನಲ್ಲಿ ಉತ್ತರ ತರಿಸಿ.

ಟೈರ್ ಬದಲಾವಣೆ ಬಾಡಿಗೆಯಲ್ಲಿ ಸೇರಿದೆಯೇ? ಘಾಟಿಯಲ್ಲಿ ಬ್ರೇಕ್ ಪ್ಯಾಡ್, ಟೈರು ಬೇಗ ಸವೆಯುತ್ತವೆ. ಹೊಸನಗರದ ಆಚೆ, ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಗಾಡಿ ನಿಂತರೆ ಎಳೆದೊಯ್ಯಲು ಯಾವ ಊರಿನಿಂದ ಬರುತ್ತಾರೆ, ರಿಪೇರಿ ಆಗುವ ತನಕ ಬದಲಿ ಗಾಡಿ ಕೊಡುತ್ತಾರೆಯೇ? 'ಸರ್ವಿಸ್ ಸೇರಿದೆ' ಅನ್ನುವವರು ನಿಮ್ಮ ಪಿನ್‌ಕೋಡಿಗೂ ಅದು ಅನ್ವಯಿಸುತ್ತದೆ ಅಂತ ಬರೆದು ಕೊಡಲಿ.

ಮಧ್ಯದಲ್ಲಿ ಬಿಡಬೇಕಾದರೆ ಎಷ್ಟು ತಿಂಗಳ ಬಾಡಿಗೆ ದಂಡ, ಕೆಲಸ ಬಿಟ್ಟರೆ ಕಂಪನಿ ಲೀಸ್ ಏನಾಗುತ್ತದೆ, ಗಾಡಿ ಅಪಘಾತದಲ್ಲಿ ಪೂರ್ತಿ ಹೋದರೆ ಉಳಿದ ಬಾಕಿ ಯಾರ ತಲೆಗೆ, ಈ ಮೂರಕ್ಕೂ ಅಂಕಿ ಸಮೇತ ಉತ್ತರ ಇರಬೇಕು. 'ಕಂಪನಿ ನಿಯಮದಂತೆ' ಅನ್ನುವ ಉತ್ತರಕ್ಕೆ ಸಹಿ ಹಾಕಬೇಡಿ. ಠೇವಣಿ ಎಷ್ಟು ದಿನದಲ್ಲಿ ವಾಪಸ್ ಅನ್ನುವುದೂ ಬರೆದಿರಲಿ. ಬಾಡಿಗೆಯ ಅಂಕಿಗಿಂತ ಈ ಸಾಲುಗಳಲ್ಲೇ ಜಾಸ್ತಿ ದುಡ್ಡು ಹೋಗುತ್ತದೆ.

ಬುಕಿಂಗ್, ಡೆಲಿವರಿ, ಆಮೇಲೆ

ಬುಕಿಂಗ್ ರಸೀದಿಯಲ್ಲಿ ವೇರಿಯಂಟ್, ಬಣ್ಣ, ತಯಾರಿಕೆ ವರ್ಷ, ಒಪ್ಪಿದ ರಿಯಾಯಿತಿ, ಡೆಲಿವರಿ ತಾರೀಖು, ರದ್ದಾದರೆ ದುಡ್ಡು ವಾಪಸ್ ಬರುವ ಬಗೆ, ಎಲ್ಲ ಬರೆಸಿ. ಬಾಯಿಮಾತಿನ ಫ್ಲೋರ್ ಮ್ಯಾಟ್ ಕೂಡ ಬೇಡ.

ನೋಂದಣಿಗೆ ಮೊದಲು, ಹಗಲಿನಲ್ಲಿ, ಯಾರ್ಡಿಗೆ ಹೋಗಿ ಗಾಡಿ ನೋಡಿ. ಚಾಸಿಸ್ ಸಂಖ್ಯೆಯನ್ನು ಕಾಗದಕ್ಕೆ ಹೋಲಿಸಿ, ತಯಾರಿಕೆಯ ತಿಂಗಳು ಓದಿ. ಟೈರ್ ಮೇಲಿನ ನಾಲ್ಕು ಅಂಕಿ ನೋಡಿ, 2325 ಅಂತಿದ್ದರೆ 2025ರ 23ನೇ ವಾರದ ಟೈರು. ಬಾಗಿಲಿನ ಅಂಚಿನಲ್ಲಿ ಬಣ್ಣ ವ್ಯತ್ಯಾಸ, ಗಾಜಿನ ಗೀರು, ತಳದಲ್ಲಿ ತುಕ್ಕು, ಓಡಿದ ಕಿಲೋಮೀಟರ್, ಸ್ಪೇರ್ ಟೈರು, ಎರಡನೇ ಕೀ. ನೋಂದಣಿ ಆದ ಮೇಲೆ ಗಾಡಿ ಬದಲಿಸಿ ಕೊಡುವುದು ಆಗದ ಮಾತು, ಆದ್ದರಿಂದ ಪೂರ್ತಿ ಹಣವನ್ನು ಈ ಪರೀಕ್ಷೆ ಮುಗಿದ ಮೇಲೆ ಕಟ್ಟಿ. ಲೀಸ್ ಆದರೆ ಅದೇ ದಿನ ಒಳಗೆ ಹೊರಗೆ ತಾರೀಖು ಬೀಳುವಂತೆ ವಿಡಿಯೋ ಮಾಡಿ ಲೀಸ್ ಕಂಪನಿಗೆ ಇಮೇಲ್ ಕಳಿಸಿ. ವಾಪಸ್ ಕೊಡುವ ದಿನ ಅದೇ ನಿಮ್ಮ ಸಾಕ್ಷಿ.

ಸಾಲದಲ್ಲಿ ಕೊಂಡವರು ಕೊನೆ ಕಂತು ಕಟ್ಟಿದ ಕೂಡಲೇ ಬ್ಯಾಂಕಿನಿಂದ ಎನ್‌ಒಸಿ (ಸಾಲ ತೀರಿದೆ, ಆಕ್ಷೇಪ ಇಲ್ಲ ಅನ್ನುವ ಪತ್ರ) ಮತ್ತು ಫಾರಂ 35 (ಹೈಪೋಥಿಕೇಷನ್ ರದ್ದತಿಯ ಅರ್ಜಿ) ತಂದು, ಆರ್‌ಸಿಯಲ್ಲಿರುವ ಹೈಪೋಥಿಕೇಷನ್ ತೆಗೆಸಿ. ವಿಮಾ ಪಾಲಿಸಿಯಲ್ಲೂ ಬ್ಯಾಂಕಿನ ಹೆಸರು ತೆಗೆಸಿ. ಎನ್‌ಒಸಿ ಬೀರುವಿನಲ್ಲಿಟ್ಟು ಮರೆತರೆ ಅದರ ಅವಧಿ ಮುಗಿದು ಮತ್ತೆ ಬ್ಯಾಂಕಿಗೆ ಅಲೆಯಬೇಕಾಗುತ್ತದೆ.